ಆಯುಧಪೂಜೆಗೆ ಬಂದ್ ಆದ ಮೆಷಿನ್

ಅಶ್ಮಿತಾ ಪಾಪದ ಹುಡುಗಿ, ಸಿಟ್ಟು ಅಂದರೆ ಏನೆಂದೇ ಗೊತ್ತಿಲ್ಲ ಎಂದು ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಸುಳ್ಳು ಮಾರಾಯ್ರೇ. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಹುಟ್ಟಿ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮೊಣಕೈ ತಿವಿತ ತಿಂದು ಬೆಳೆದವಳಿಗೆ ಸಿಟ್ಟಿಲ್ಲದೆ ಆಗುತ್ತದಾ? ಸಿಟ್ಟು ಇತ್ತು. ಆದರೆ ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟಿನಲ್ಲಿ ಪಾಠ ಮಾಡುವವರು ಸಿಟ್ಟನ್ನು ಥಾಣೆ ಸ್ಟೇಷನ್ನಿನಲ್ಲಿ ಬಿಟ್ಟು, ಅಲ್ಲಿಂದ ಪನ್ವೇಲ್ ಲೋಕಲ್ ಹತ್ತಬೇಕು. ನವಿ ಮುಂಬಯಿಯ ಆ ಇಂಜಿನಿಯರಿಂಗ್ ಕಾಲೇಜು ಅವಳನ್ನು ಏಳು ವರ್ಷ ಹೀಗೇ ದುಡಿಸಿತು. ಪ್ರತಿ ಮಳೆಗಾಲದ ಹೊತ್ತಿಗೆ ಕೆಲಸ ಮುಗಿಯಿತು ಎನ್ನುವುದು, ಅವಳು ಹೋಗಿ ನಿಲ್ಲುವುದು, ಅವರು ಉಪಕಾರ ಮಾಡಿದ ಮುಖದಲ್ಲಿ ಮತ್ತೆ ಸಹಿ ಹಾಕುವುದು. ನಾಚಿಕೆಯಾಗಬೇಕಿತ್ತು, ಅವಳಿಗಲ್ಲ.

ಅಲ್ಲಿ ಅವಳ ಡಿಪಾರ್ಟ್‌ಮೆಂಟಿನ ದೊಡ್ಡ ತಲೆ ಸುಜನ್ ಸರ್. ಅವಳ ಪಿಎಚ್‌ಡಿಗೆ ಗೈಡ್ ಕೂಡ ಅವರೇ. ಉಡುಪಿ ಕಡೆಯವರು. ಅಷ್ಟು ಸಾಕಲ್ಲ, ಅಶ್ಮಿತಾಳ ಅಪ್ಪ ಗುಣಪಾಲರಿಗೆ ಅವರು ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಗುಣಪಾಲರೂ ಅದೇ ಕಡೆಯವರು, ಕಲ್ಯಾಣ ಸ್ಟೇಷನ್ನಿನ ಹತ್ತಿರದ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಆಯುಸ್ಸು ಕಳೆದ ಮನುಷ್ಯ. ನಮ್ಮ ಕಡೆಯ ಒಬ್ಬರು ಡಾಕ್ಟರೇಟ್ ಮಾಡಿ ಮಗಳಿಗೆ ದಾರಿ ತೋರಿಸುತ್ತಿದ್ದಾರೆ ಎಂದರೆ ಅವರಿಗೆ ಎದೆ ತುಂಬಿ ಬರುತ್ತಿತ್ತು. ಸುಜನ್ ಸರ್ ಒಂದು ಮಾತು ಕೊಟ್ಟಿದ್ದರು. ಹೊರದೇಶದ ಒಂದು ದೊಡ್ಡ ಕಾನ್ಫರೆನ್ಸಿನಲ್ಲಿ ಅಶ್ಮಿತಾಳ ಪೇಪರ್ ಬಂದರೆ ಸಾಕು, ಮ್ಯಾನೇಜ್‌ಮೆಂಟಿಗೆ ಹೇಳಿ ಅವಳನ್ನು ಪರ್ಮನೆಂಟ್ ಮಾಡಿಸುತ್ತಾರೆ. ಪೇಪರಿನಲ್ಲಿ ಮೊದಲ ಹೆಸರು ಸುಜನ್ ಸರ್‌ದು, ಅದು ಹೇಳದೆಯೂ ಎಲ್ಲರಿಗೆ ಗೊತ್ತು.

ಅವಳ ಸಂಶೋಧನೆ ಕಂಪ್ಯೂಟರಿನ ವೇಗದ ಬಗ್ಗೆ. ಪ್ರೋಗ್ರಾಮುಗಳಿಗೆ ಮೆಮರಿಯಲ್ಲಿ ಜಾಗ ಹಂಚುವ ಒಂದು ಹೊಸ ಕ್ರಮ ಮಾಡಿದ್ದಳು. ಹಳೆಯ ಕ್ರಮಕ್ಕಿಂತ ಅದು ಕಾಲು ಭಾಗ ಚುರುಕು ಎಂದು ಅವಳ ಲೆಕ್ಕ. ವೇಗ ಅಳೆಯುವಾಗ ಆ ಮೆಷಿನ್ನಿನಲ್ಲಿ ಬೇರೆ ಯಾವ ಕೆಲಸವೂ ನಡೆಯಬಾರದು. ತಕ್ಕಡಿಯ ಮೇಲೆ ಇನ್ನೊಬ್ಬರು ಕೈ ಇಟ್ಟರೆ ತೂಕ ಸಿಕ್ಕುತ್ತದಾ? ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳು ಸಿನಿಮಾ ಡೌನ್‌ಲೋಡ್ ಮಾಡುತ್ತಾ ಕೂತಿರುತ್ತಿದ್ದರು. ಹಾಗಾಗಿ ಸ್ವಂತ ಮೆಷಿನ್ ತಂದು ಮನೆಯ ಹಾಲಿನಲ್ಲಿ ಶೋಕೇಸಿನ ಪಕ್ಕ ಇಟ್ಟಳು. ಮಳೆ ಶುರುವಾದಾಗ ಹಚ್ಚಿದ್ದು, ನವರಾತ್ರಿ ಬಂದರೂ ಆರಿಸಿರಲಿಲ್ಲ. ಮುಟ್ಟಬೇಡಿ ಎಂದು ಮೇಲೆ ಚೀಟಿ. ಅವಳ ಅಮ್ಮ ಜಯಲತಾ ಅದರ ಸುತ್ತ ಗುಡಿಸಿ ಮುಂದೆ ಹೋಗುತ್ತಿದ್ದರು.

ಆದರೆ ಆಯುಧಪೂಜೆಗೆ ಚೀಟಿ ಲೆಕ್ಕಕ್ಕಿಲ್ಲ. ಹೋಟೆಲಿನವರ ಮನೆಯ ಕ್ರಮವೇ ಹಾಗೆ. ಗ್ರೈಂಡರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸ್ಕೂಟರು, ದುಡಿಯುವ ಎಲ್ಲವನ್ನೂ ಆ ದಿನ ಬಂದ್ ಮಾಡಿ, ಒರೆಸಿ, ಕುಂಕುಮ ಹಚ್ಚಿ, ಹೂ ಇಟ್ಟು, ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನ ರಜೆ ಬೇಡವಾ ಎಂದು ಜಯಲತಾ ಕೇಳುತ್ತಿದ್ದರು. ಮಗಳ ಮೆಷಿನ್ ಅಂತೂ ಎಲ್ಲಕ್ಕಿಂತ ಹೆಚ್ಚು ದುಡಿದಿತ್ತು. ಅದನ್ನು ಬಿಟ್ಟರೆ ಶಾಪ ತಟ್ಟೀತು ಎಂದುಕೊಂಡು ಸ್ವಿಚ್ ಬಂದ್ ಮಾಡಿ ಪ್ಲಗ್ ಎಳೆದರು, ಒದ್ದೆ ಬಟ್ಟೆಯಲ್ಲಿ ಒರೆಸಿದರು, ಕುಂಕುಮ ಇಟ್ಟು ಸೇವಂತಿಗೆ ಏರಿಸಿದರು. ಅಶ್ಮಿತಾ ಮನೆಯಲ್ಲಿರಲಿಲ್ಲ. ರಜಾ ದಿನವೂ ಸುಜನ್ ಸರ್ ಅವಳನ್ನು ಕರೆಸಿಕೊಂಡಿದ್ದರು, ಅವರ ಯಾವುದೋ ಭಾಷಣಕ್ಕೆ ಸ್ಲೈಡ್ ಮಾಡಿಕೊಡಲಿಕ್ಕೆ.

ಸಂಜೆ ಬಂದು ನೋಡುತ್ತಾಳೆ, ಮೆಷಿನ್ ಕಪ್ಪಗೆ ಕೂತಿದೆ. ದಸರಾದ ಮರುದಿನವೇ ಪೇಪರ್ ಕಳಿಸಲು ಕೊನೆಯ ದಿನ. ಕೊನೆಯ ಅಳತೆ ಅರ್ಧದಲ್ಲಿತ್ತು. ಕೈಗೆ ಬಂದ ತುತ್ತು ಬಾಯಿಗಿಲ್ಲದಂತಾಯಿತು. ಏಳು ವರ್ಷ ಥಾಣೆ ಸ್ಟೇಷನ್ನಿನಲ್ಲಿ ಬಿಟ್ಟುಬಂದ ಸಿಟ್ಟೆಲ್ಲ ಒಟ್ಟಿಗೆ ಮನೆಗೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ ಆ ತಾಯಿಗೆ ಬೈದಳು. ನನ್ನ ಹೊಟ್ಟೆಯ ಮೇಲೆ ನೀನೇ ಹೊಡೆದೆ ಎಂದಳು. ಕುಂಕುಮವನ್ನು ದುಪಟ್ಟಾದ ತುದಿಯಿಂದ ಉಜ್ಜಿ ತೆಗೆದಳು. ಜಯಲತಾ ಅಡುಗೆಮನೆಗೆ ಹೋದರು, ಆ ದಿನ ಊಟ ಮಾಡಲಿಲ್ಲ.

ಮೆಷಿನ್ ಮತ್ತೆ ಹಚ್ಚಿ ಎಲ್ಲ ಅಳತೆಯನ್ನೂ ಮೊದಲಿನಿಂದ ತೆಗೆದಳು. ನೋಡಿದರೆ ಅವಳ ಕ್ರಮವೂ ಹಳೆಯ ಕ್ರಮವೂ ಸಮಸಮ. ಚುರುಕೂ ಇಲ್ಲ, ಗಿರುಕೂ ಇಲ್ಲ. ಇನ್ನೊಮ್ಮೆ ತೆಗೆದಳು. ಅದೇ.

ಇದು ಹೇಗಾಯಿತು ಎಂದು ಡೊಂಬಿವಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಮುಂಬಯಿಗೆ ಹೋಗುವ ಜಾಣರು ಮೊದಲು ಉಲ್ಟಾ ದಿಕ್ಕಿನಲ್ಲಿ, ಗಾಡಿ ಹೊರಡುವ ಕಲ್ಯಾಣಕ್ಕೆ ಹೋಗಿ, ಖಾಲಿ ಗಾಡಿಯಲ್ಲಿ ಕಿಟಕಿ ಸೀಟು ಹಿಡಿದು ಬರುತ್ತಾರೆ. ಡೊಂಬಿವಲಿಯಲ್ಲಿ ಹತ್ತಿದವರು ಬಾಗಿಲಲ್ಲಿ ನೇತಾಡುತ್ತಾರೆ. ಅಶ್ಮಿತಾಳ ಪ್ರೋಗ್ರಾಮು ಮಳೆಗಾಲದಲ್ಲಿ ಮೆಷಿನ್ ಹೊಸದಾಗಿ ಹಚ್ಚಿದಾಗಲೇ ಒಳ್ಳೆಯ ಜಾಗ ಹಿಡಿದು ಕೂತಿತ್ತು. ಹಳೆಯ ಕ್ರಮ ಪ್ರತಿಸಲ ಕೊನೆಗೆ ಬಂದು, ಮೆಮರಿಯಲ್ಲಿ ಅಲ್ಲಲ್ಲಿ ಉಳಿದ ಚೂರುಪಾರು ಜಾಗದಲ್ಲಿ ತೂರಿಕೊಳ್ಳುತ್ತಿತ್ತು. ಕೂತವನನ್ನೂ ನೇತಾಡುವವನನ್ನೂ ನೋಡಿ ಕೂತವನೇ ಗಟ್ಟಿ ಮನುಷ್ಯ ಎಂದು ಬರೆದಿದ್ದಳು ಅವಳು. ಅಮ್ಮ ಮೆಷಿನ್ ಬಂದ್ ಮಾಡಿ ಗಾಡಿ ಖಾಲಿ ಮಾಡಿಸಿದ್ದರು, ಇಬ್ಬರಿಗೂ ಸೀಟು ಸಿಕ್ಕಿತು, ಅಷ್ಟೆ.

ದಸರಾದ ದಿನ ಪನ್ವೇಲ್ ಹತ್ತಿರದ ಕಾಮೋಠೆಯಲ್ಲಿ ಸುಜನ್ ಸರ್ ಮನೆಗೆ ಹೋದಳು. ಅವರು ಶ್ರೀಖಂಡ ಕೊಟ್ಟರು. ಎಲ್ಲ ಕೇಳಿದರು. ಹೌದು, ಅರ್ಥವಾಯಿತು ಎಂದೂ ಹೇಳಿದರು. ಆಮೇಲೆ, ಹಳೆಯ ನಂಬರುಗಳನ್ನೇ ಹಾಕಿ ಕಳಿಸು ಎಂದರು. ಅವೂ ನೀನೇ ಅಳೆದದ್ದು, ಸುಳ್ಳು ಎಲ್ಲಿ ಬಂತು? ಅವಳು ಬೇಡವೆಂದು ತಲೆ ಅಲ್ಲಾಡಿಸಿದಾಗ ಚಮಚ ಕೆಳಗಿಟ್ಟು ನಗುತ್ತಾ ಹೇಳಿದರು:

"ನಿನ್ನ ಅಮ್ಮ ಆ ಸ್ವಿಚ್ ಮುಟ್ಟದೇ ಇದ್ದಿದ್ರೆ ನಿನಗೂ ಗೊತ್ತಾಗ್ತಿರ್ಲಿಲ್ಲ. ಮುಟ್ಲಿಲ್ಲ ಅಂತ ತಿಳ್ಕೊ."

ಅಶ್ಮಿತಾ ಬಟ್ಟಲನ್ನು ಹಾಗೆಯೇ ಬಿಟ್ಟು ಎದ್ದಳು. ಆಗುವುದಿಲ್ಲ ಸರ್ ಎಂದಳು. ಆಯಿತು, ಮನೆಗೆ ಹೋಗಿ ನಿದ್ದೆ ಮಾಡು ಎಂದರು ಅವರು, ಎಷ್ಟು ಮೃದುವಾಗಿ! ಮರುದಿನ ಅವಳಿಗೆ ಕಾನ್ಫರೆನ್ಸಿನಿಂದ ಮೇಲ್ ಬಂತು. ನಿಮ್ಮ ಪೇಪರ್ ತಲುಪಿದೆ, ಲೇಖಕರು ಸುಜನ್ ಮತ್ತು ಅಶ್ಮಿತಾ. ಹಳೆಯ ಕರಡು ಸುಜನ್ ಸರ್ ಹತ್ತಿರ ಇತ್ತು, ಅದನ್ನೇ ಕಳಿಸಿದ್ದರು. ಹಳೆಯ ನಂಬರು, ಹಳೆಯ ಗ್ರಾಫು, ಕೆಳಗೆ ಇವಳ ಹೆಸರು. ಕಳ್ಳತನವನ್ನು ಕಳ್ಳನೇ ಮಾಡಿದರೆ ಒಂದು ಮಾತು. ಬೇರೆಯವರ ಕೈ ಹಿಡಿದು ಮಾಡಿಸುವವರಿಗೆ ಏನೆನ್ನಬೇಕು?

ಗುಣಪಾಲರು ಬಿಟ್ಟುಬಿಡು ಎಂದರು. ದೊಡ್ಡವರು, ನಮ್ಮವರು, ಏನೋ ಯೋಚಿಸಿಯೇ ಮಾಡಿರುತ್ತಾರೆ. ಪರ್ಮನೆಂಟ್ ಆಗುವ ಹೊತ್ತಿನಲ್ಲಿ ಹಟ ಯಾಕೆ? ಅಶ್ಮಿತಾ ಹೋಗಿ ಮೆಷಿನ್ ಮುಂದೆ ಕೂತಳು. ಈ ಪೇಪರಿನ ಅಳತೆಗಳು ತಪ್ಪು, ಅಳೆದವಳು ನಾನೇ, ದಯವಿಟ್ಟು ಹಿಂತೆಗೆದುಕೊಳ್ಳಿ ಎಂದು ಕಾನ್ಫರೆನ್ಸಿನವರಿಗೆ ಬರೆದಳು. ಕಳಿಸುವ ಮೊದಲು ಕೈ ನಿಂತಿತು. ಪಕ್ಕದಲ್ಲಿ ಬಂದು ಕೂತ ಜಯಲತಾ, ಕೆಲಸ ಹೋಗ್ತದಾ ಮಗಾ ಎಂದು ಕೇಳಿದರು. ಹೋಗ್ತದೆ ಎಂದಳು. ಜಯಲತಾ ಎದ್ದು ಹೋಗಲಿಲ್ಲ. ಅವಳು ಕಳಿಸಿದಳು.

ಆಮೇಲೆ ಅಮ್ಮನಿಗೆ, ಆ ದಿನ ಬೈದದ್ದು ತಪ್ಪಾಯಿತು ಎಂದಳು. ತಪ್ಪಲ್ಲದೆ ಮತ್ತೇನು ಎಂದರು ಜಯಲತಾ.

ಪೇಪರ್ ವಾಪಸಾಯಿತು. ಮಳೆಗಾಲ ಬಂದಾಗ ಕಾಂಟ್ರ್ಯಾಕ್ಟಿಗೆ ಈ ಸಲ ಸಹಿ ಬೀಳಲಿಲ್ಲ. ಪಿಎಚ್‌ಡಿಯೂ ಅಲ್ಲಿಗೇ ನಿಂತಿತು. ಪಾಪ, ಮನೆಯಲ್ಲಿ ಟೆನ್ಷನ್, ತಲೆ ಸರಿ ಇಲ್ಲ ಎಂದು ಸುಜನ್ ಸರ್ ಸ್ಟಾಫ್‌ರೂಮಿನಲ್ಲಿ ಮರುಗಿದರಂತೆ. ಬೆಂದ ಮನೆಯಲ್ಲಿ ಗಳ ಹಿರಿಯುವವರು ಕಣ್ಣೀರೂ ಹಾಕುತ್ತಾರೆ, ಅದು ಹೊಸತಲ್ಲ. ಅವರಿಗೆ ಏನೂ ಆಗಲಿಲ್ಲ. ಗಣ್ಯರ ಸಾಲಿನಲ್ಲಿ ಹಾರ ಹಾಕಿಸಿಕೊಳ್ಳುತ್ತಾ ಇದ್ದರು.

ಅಶ್ಮಿತಾ ಥಾಣೆಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಹಿಡಿದಳು. ರಜೆ ಸಿಕ್ಕಿದಾಗಲೆಲ್ಲ ಅದೇ ಮೆಷಿನ್ ಮುಂದೆ ಕೂತು ಬೇರೆ ಪೇಪರ್ ಬರೆದಳು. ಮೆಷಿನ್ ಎಷ್ಟು ಕಾಲದಿಂದ ಹಚ್ಚಿಯೇ ಇದೆ ಎನ್ನುವುದರಿಂದ ವೇಗದ ಅಳತೆ ಹೇಗೆ ಮೋಸ ಹೋಗುತ್ತದೆ, ತಾನು ಹೇಗೆ ಮೋಸ ಹೋದೆ, ಎಲ್ಲವನ್ನೂ ಬರೆದಳು. ಅದೇ ಕಾನ್ಫರೆನ್ಸಿಗೆ ಕಳಿಸಿದಳು. ಒಪ್ಪಿದರು. ಲೇಖಕರ ಜಾಗದಲ್ಲಿ ಒಂದೇ ಹೆಸರು. ಕೊನೆಯ ಪುಟದಲ್ಲಿ, ಮೆಷಿನ್ ಬಂದ್ ಮಾಡಿದ್ದಕ್ಕಾಗಿ ಜಯಲತಾ ಅವರಿಗೆ ಕೃತಜ್ಞತೆ ಎಂದು ಒಂದು ಸಾಲು.

ಪೇಪರ್ ಪ್ರಕಟವಾದ ವಾರ ಸುಜನ್ ಸರ್ ಫೋನು ಬಂತು. ಅಭಿನಂದನೆ ಇಲ್ಲ, ಕ್ಷಮೆ ಇಲ್ಲ. ವಿಷಯ ಶುರುವಾದದ್ದೇ ತಮ್ಮ ಲ್ಯಾಬಿನಲ್ಲಿ, ಗೈಡ್ ಮಾಡಿದ್ದು ತಾವು, ಇನ್ನೂ ತಿದ್ದುಪಡಿಗೆ ಅವಕಾಶ ಇರಬೇಕು ಎಂದರು. ಅಡುಗೆಮನೆಯವರ ಹೆಸರು ಹಾಕಲಿಕ್ಕೆ ಜಾಗ ಉಂಟು, ಗುರುವಿನ ಹೆಸರಿಗೆ ಇಲ್ಲವಾ ಎಂದು ಕೇಳಿದರು.

ಎದುರಿಗೆ ಜಯಲತಾ ಕೂತು ಬಸಳೆ ಸೊಪ್ಪು ಸೋಸುತ್ತಿದ್ದರು. ಅಶ್ಮಿತಾ ಫೋನನ್ನು ಸ್ಪೀಕರಿಗೆ ಹಾಕಿದಳು.

"ಅಮ್ಮ ಸ್ವಿಚ್ ಬಂದ್ ಮಾಡಿದ್ರು, ಸರ್. ನೀವು ಎಂತ ಮಾಡಿದ್ರಿ?"