ಮೇಡಂ ತಲೆಯ ಲೆಕ್ಕ

ನಮ್ಮ ಮೇಡಂ ಅವರದು ದಟ್ಟವಾದ ಗುಂಗುರು ಕೂದಲು. ಬೆಳಿಗ್ಗೆ ಎಷ್ಟೇ ಬಿಗಿಯಾಗಿ ಬಾಚಿ ಬಂದರೂ ಮಧ್ಯಾಹ್ನದ ಹೊತ್ತಿಗೆ ಎದ್ದು ನಿಂತಿರುತ್ತಿತ್ತು. ಬಾಗಿಲಲ್ಲಿ ಮೊದಲು ಕೂದಲು, ಆಮೇಲೆ ಮೇಡಂ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರಿದ್ದೆ. ತಪ್ಪು ಮಾಡಿದರೆ, "ನಿನ್ನ ತಲೇಲಿ ಏನಿದೆ ಅಂತ ಕಂಪ್ಯೂಟರ್‌ಗೂ ಗೊತ್ತಾಗಲ್ಲ ಕಣೇ" ಎಂದು ರೇಗಿಸಿ, ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನ್ನ ಮುಂದೆ ತಳ್ಳುತ್ತಿದ್ದರು.

ನಮ್ಮ ಕೆಲಸವೂ ತಲೆಯದೇ. ತಂತಿಯ ಸುರುಳಿಯೊಂದನ್ನು ತಲೆಯ ಮೇಲೆ ಹಿಡಿದು ಕ್ಷಣಮಾತ್ರ ಜೋರು ಕರೆಂಟು ಹರಿಸಿದರೆ, ಅದರ ಕಾಂತಶಕ್ತಿ ಬುರುಡೆ ದಾಟಿ ಮಿದುಳಿನಲ್ಲಿ ವಿದ್ಯುತ್ ಕ್ಷೇತ್ರ ಹುಟ್ಟಿಸುತ್ತದೆ. ಜಾಗ ಸರಿಯಿದ್ದರೆ ಹೆಬ್ಬೆರಳು ತಾನಾಗಿ ನೆಗೆಯುತ್ತದೆ. ಒಳಗೆ ಎಲ್ಲಿ ಎಷ್ಟು ಮುಟ್ಟಿತು ಎಂದು ತಲೆ ಒಡೆದು ನೋಡಲಾದೀತೇ? ಅದಕ್ಕೇ ತಲೆಯನ್ನು ಗುಂಡು ಚೆಂಡು ಎಂದುಕೊಂಡು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬೇಕು. ಅದು ನನ್ನ ಪಾಲಿನ ಕೆಲಸ.

ಲೆಕ್ಕ ಮುಗಿದು, ಯಾರ ತಲೆ ಎಂಬ ಪ್ರಶ್ನೆ ಬಂತು. "ಲೆಕ್ಕ ನಮ್ದು ಅಂದ್ಮೇಲೆ ತಲೆ ಊರೋರ್ದು ಯಾಕೆ?" ಎಂದು ಮೇಡಂ ತಾವೇ ಕುರ್ಚಿಯಲ್ಲಿ ಕುಳಿತರು. ಯಂತ್ರವಿದ್ದ ಆಸ್ಪತ್ರೆಯ ಡಾಕ್ಟರು ಸುರುಳಿಯನ್ನು ಅವರ ತಲೆಯ ಮೇಲಿಟ್ಟು ಗುಂಡಿ ಒತ್ತಿದರು. ಟಪ್ ಎಂದಿತು. ಬೆರಳು ಮಿಸುಕಲಿಲ್ಲ. ನಮ್ಮ ಲೆಕ್ಕ ಹೇಳಿದ್ದಕ್ಕಿಂತ ಹೆಚ್ಚು ಕರೆಂಟು ಕೊಡಲು ಡಾಕ್ಟರು ಒಪ್ಪಲಿಲ್ಲ.

"ಸೋಮವಾರ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಈ ಲೆಕ್ಕ ಬಿಟ್ಬಿಡಿ ಮೇಡಂ" ಎಂದರು.

ನನಗೆ ಆಗಲೇ ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತ್ತು. ಈ ಲೆಕ್ಕ ಕೈಕೊಟ್ಟರೆ ಓದಿದ್ದು ಸಾಕು, ಬ್ಯಾಂಕಿಗೆ ಸೇರು ಎಂದು ವಿಜಯನಗರದ ಮನೆಯಲ್ಲಿ ಅಪ್ಪ ಹೇಳಿಯಾಗಿತ್ತು.

ಭಾನುವಾರ ಬೆಳಿಗ್ಗೆ ಅಳುಮೋರೆ ಹೊತ್ತು ರಾಜಾಜಿನಗರದ ಅವರ ಮನೆಗೆ ಹೋದೆ. ಹಿತ್ತಲಲ್ಲಿ ಮೇಡಂ ಮಣೆಯ ಮೇಲೆ ಕೂತಿದ್ದರು. ಅವರ ಅತ್ತೆ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದರು.

"ಏನು ಕೂದ್ಲೇ ಇದು! ಎಣ್ಣೆಯೆಲ್ಲಾ ಇದೇ ಕುಡೀತು, ತಲೆಗೆ ಒಂದು ತೊಟ್ಟೂ ಮುಟ್ಲಿಲ್ಲ" ಎಂದು ಅತ್ತೆ ಗೊಣಗಿದರು.

ಮೇಡಂ ಥಟ್ಟನೆ ನನ್ನತ್ತ ತಿರುಗಿದರು. "ಲೆಕ್ಕದಲ್ಲಿ ಸುರುಳಿ ಎಲ್ಲಿಟ್ಟಿದೀಯೇ?"

"ತಲೆ ಚರ್ಮಕ್ಕೆ ಅಂಟಿದ ಹಾಗೆ, ಮೇಡಂ."

"ಡಾಕ್ಟ್ರು ಇಟ್ಟಿದ್ದು ಈ ಪೊದೆ ಮೇಲೆ ಕಣೇ!" ಮೇಡಂ ನಗತೊಡಗಿದರು. ಅತ್ತೆಗೆ ಏನೂ ಅರ್ಥವಾಗದಿದ್ದರೂ ಸೊಸೆಯ ನಗು ನೋಡಿ ಅವರೂ ನಕ್ಕರು.

ಸುರುಳಿ ಬೆರಳಗಲ ಮೇಲೆದ್ದರೂ ಮಿದುಳಿಗೆ ಮುಟ್ಟುವ ಶಕ್ತಿ ಬಹಳ ಇಳಿದುಬಿಡುತ್ತದೆ. ಸೋಮವಾರ ಬೆಳಿಗ್ಗೆ ಆ ಅಂತರವನ್ನೂ ಸೇರಿಸಿ ಲೆಕ್ಕ ಹಾಕಿದೆ. ಬೆರಳು ನೆಗೆಯದು ಎಂದೇ ಉತ್ತರ ಬಂತು. ಆಮೇಲೆ ಮೇಡಂ ಬೈತಲೆ ತೆಗೆದು, ಕೂದಲನ್ನು ಎರಡೂ ಬದಿಗೆ ಒತ್ತಿ ಸರಿಸಿ ಕೂತರು. ಸುರುಳಿ ಚರ್ಮಕ್ಕೆ ತಾಗಿತು. ಮೊದಲಿನಷ್ಟೇ ಕರೆಂಟು. ಟಪ್. ಹೆಬ್ಬೆರಳು ನೆಗೆಯಿತು! ಡಾಕ್ಟರು "ಅರೆ!" ಎಂದರು. ನಾನು ಅತ್ತುಬಿಟ್ಟೆ.

ಅಂದು ಸಂಜೆ ಅದೇ ಕೆದರಿದ ತಲೆಯಲ್ಲಿ ಮೇಡಂ ನನ್ನ ಜೊತೆ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು.

"ಇವಳನ್ನ ಬ್ಯಾಂಕಿಗೆ ಕಳಿಸ್ಬೇಡಿ ಯಜಮಾನ್ರೇ. ಇವಳ ಲೆಕ್ಕ ಸರಿಯಾಗಿದೆ."

"ಮೊದ್ಲು ಕೂತ್ಕೊಳಿ, ಕಾಫಿ ತಗೊಳಿ" ಎಂದರು ಅಪ್ಪ. ಬ್ಯಾಂಕಿನ ಮಾತನ್ನು ಮತ್ತೆ ಎತ್ತಲಿಲ್ಲ.

ಮೇಡಂ ತುಂಬು ಬಾಳು ಬಾಳಿ ಹೋದ ವರ್ಷ ತೀರಿಕೊಂಡರು. ಲೆಕ್ಕ ಹಾಕುವುದೇ ನನ್ನ ಕಸುಬಾಯಿತು. ಇವತ್ತಿಗೂ ಅದರ ಅನ್ನವನ್ನೇ ಉಣ್ಣುತ್ತಿದ್ದೇನೆ. ಅನ್ನ ಬ್ಯಾಂಕಿನಲ್ಲೂ ಹುಟ್ಟುತ್ತಿತ್ತು. ಇಷ್ಟು ರುಚಿ ಇರುತ್ತಿರಲಿಲ್ಲ.