ಬೆರಳಿಗೆ ತಕ್ಕ ಕಚ್ಚು

ಗಿಟಾರ್ ಕಾರ್ಖಾನೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅರದಕ್ಕ. ಕೈಯಲ್ಲಿ ಸದಾ ಅರ, ನಾಲಿಗೆಯೂ ಅಷ್ಟೇ ಒರಟು. ಇಪ್ಪತ್ತೆರಡು ವರ್ಷದಿಂದ ಒಂದೇ ಮೇಜು, ಒಂದೇ ಕೆಲಸ: ಗಿಟಾರಿನ ಕುತ್ತಿಗೆಯ ತುದಿಗೆ ಹೆಬ್ಬೆರಳುದ್ದದ ಮೂಳೆಪಟ್ಟಿ ಕೂರಿಸಿ, ಆರು ತಂತಿಗೆ ಆರು ಕಚ್ಚು ಕೊಯ್ಯುವುದು. ಕಚ್ಚು ಎಲ್ಲಿ ಬೀಳಬೇಕೆಂದು ತೋರಿಸಲು ಯಜಮಾನ ಒಂದು ಉಕ್ಕಿನ ಅಚ್ಚು ಕೊಟ್ಟಿದ್ದ. ಅದನ್ನಿಟ್ಟು ಗೀಚು, ಅರ ಆಡಿಸು, ಮುಂದಕ್ಕೆ ತಳ್ಳು.

ಒಂದು ಬೆಳಿಗ್ಗೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳೊಬ್ಬಳು ಗಿಟಾರ್ ಹೊತ್ತು ಬಂದಳು. ಲಾಂಡ್ರಿಯವರ ಮುಷ್ಕರದಲ್ಲಿ ಗೇಟಿನ ಮುಂದೆ ಹಾಡಿ ಹೆಸರಾದ ಹೆಂಗಸು. ಬಿಸಿನೀರು, ಉಗಿ, ಒಗೆಯುವ ಸೋಡಾ ತಾಗಿ ತಾಗಿ ಬೆರಳುಗಳು ಊದಿ ದಪ್ಪಗಾಗಿದ್ದವು.

“ಅಕ್ಕಾ, ಒಂದು ತಂತಿ ಒತ್ತಿದ್ರೆ ಪಕ್ಕದ್ದರ ದನಿಯೂ ಸತ್ತುಹೋಗುತ್ತೆ. ಬೆರಳು ಬದಲಾಯಿಸ್ಕೋ, ಇಲ್ಲಾ ಬಾರಿಸೋದು ಬಿಡು ಅಂದ್ರು ಗಿಟಾರ್ ಪಾಠದ ಮೇಷ್ಟ್ರು.”

“ಬೆರಳು ಮಾರೋ ಅಂಗಡಿ ಎಲ್ಲಿದೆ ಅಂತ ಹೇಳಿದ್ರಾ?”

ಯಜಮಾನ ದೂರದಿಂದಲೇ ಕಿವಿ ನಿಮಿರಿಸಿದ. “ಅರದಕ್ಕ, ಈಗಲೇ ಹೇಳಿಬಿಡ್ತೀನಿ. ಅಚ್ಚು ಬಿಟ್ಟು ಒಂದು ಕಚ್ಚು ಕೊಯ್ದರೂ ಆ ಮೇಜು ನಿಂದಲ್ಲ. ಪಾಲಿಷ್ ಕೋಣೆಗೆ ನಡೀಬೇಕು.”

ಪಾಲಿಷ್ ಕೋಣೆಯೆಂದರೆ ಕಣ್ಣುರಿ, ಕೆಮ್ಮು. ಅಲ್ಲಿಗೆ ಹೋದವರು ಮೇಜಿಗೆ ಮರಳಿದ್ದಿಲ್ಲ. ಅರದಕ್ಕನಿಗೆ ಅದು ಗೊತ್ತಿತ್ತು. ಆದರೂ ಸೊಪ್ಪು ಹಾಕಲಿಲ್ಲ.

“ಬಾರಿಸಮ್ಮ, ನೋಡೋಣ.”

ಇಸ್ತ್ರಿಯವಳು ತಂತಿಗಳನ್ನೆಲ್ಲ ಒಟ್ಟಿಗೆ ಉಜ್ಜುವವಳಲ್ಲ, ಒಂದೊಂದನ್ನೇ ಬೆರಳಿನಿಂದ ಮೀಟುವವಳು. ಉಜ್ಜುವವರಿಗೆ ತಂತಿ ಒತ್ತಾಗಿದ್ದರೂ ನಡೆದೀತು. ಮೀಟುವವರಿಗೆ ನಡುವೆ ಬೆರಳು ಇಳಿಯಬೇಕು. ಇಷ್ಟು ತಿಳಿಯಲು ಅಚ್ಚಿಗೆ ಕಣ್ಣೆಲ್ಲಿದೆ?

ಸಿಟ್ಟಿನಲ್ಲಿ ಕೊಯ್ದ ಮೊದಲ ಪಟ್ಟಿ ಕೆಟ್ಟಿತು. ಜಾಗ ಮಾಡುವ ಹುಮ್ಮಸ್ಸಿನಲ್ಲಿ ಹೊರಗಿನ ಎರಡು ತಂತಿಗಳನ್ನು ಅಂಚಿಗೇ ನೂಕಿಬಿಟ್ಟಿದ್ದಳು. ಒತ್ತಿದರೆ ಸಣ್ಣ ತಂತಿ ಕುತ್ತಿಗೆಯಿಂದ ಜಾರಿ ಕೆಳಗೆ ಬೀಳುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಕಾರ್ಖಾನೆಯ ಮೇಸ್ತ್ರಿ ಹಲ್ಲು ಕಿರಿದ.

“ನಗು, ನಗು. ನೀನು ಕೆಡಿಸಿದ್ದನ್ನೆಲ್ಲ ರಾಶಿ ಹಾಕಿದ್ರೆ ಬಾಗಿಲು ಮುಚ್ಚುತ್ತೆ,” ಎಂದು ಪಟ್ಟಿಯನ್ನು ಕಿತ್ತು ಬುಟ್ಟಿಗೆಸೆದಳು.

ಆಮೇಲೆ ಕೂತು ಅಚ್ಚನ್ನೇ ದಿಟ್ಟಿಸಿದಳು. ಇಷ್ಟು ವರ್ಷ ಹಿಡಿದ ವಸ್ತುವನ್ನು ಅವತ್ತೇ ಸರಿಯಾಗಿ ನೋಡಿದ್ದು. ಅದು ತಂತಿಯ ನಡುಮಧ್ಯದಿಂದ ನಡುಮಧ್ಯಕ್ಕೆ ಸಮ ಅಳೆಯುತ್ತಿತ್ತು. ದಪ್ಪ ತಂತಿಗಳು ತಮ್ಮ ಮೈಯಿಂದಲೇ ಜಾಗ ನುಂಗುತ್ತಿದ್ದವು, ಸಣ್ಣವುಗಳ ನಡುವೆ ಜಾಗ ಸುಮ್ಮನೆ ಬಿದ್ದಿತ್ತು. ಅಚ್ಚನ್ನು ಬದಿಗಿಟ್ಟು ಹೊಸ ಪಟ್ಟಿ ತೆಗೆದುಕೊಂಡಳು. ಅಂಚಿನ ಎರಡು ತಂತಿಗಳಿಗೆ ಜಾರದಷ್ಟು ಎಡೆ ಬಿಟ್ಟು, ಉಳಿದವುಗಳ ನಡುವಿನ ಖಾಲಿ ಜಾಗ ಒಂದೇ ಸಮನಾಗುವಂತೆ ಕೊಯ್ದಳು. ಗಿಟಾರಿನ ಇನ್ನೊಂದು ತುದಿಯಲ್ಲಿ, ಮೀಟುವ ಕಡೆ ತಂತಿ ಹೊರುವ ಪಟ್ಟಿಯಲ್ಲೂ ಕಚ್ಚುಗಳ ನಡುವೆ ಕೂದಲೆಳೆಯಷ್ಟು ಅಗಲಿಸಿದಳು. ಪ್ರತಿ ಕಚ್ಚಿಗೂ ಇಸ್ತ್ರಿಯವಳನ್ನು ಕರೆದು, ಬೆರಳಿಡಿಸಿ, ಮತ್ತೆ ಅರ ಆಡಿಸಿದಳು.

ಮಧ್ಯಾಹ್ನಕ್ಕೆ ಇಸ್ತ್ರಿಯವಳು ನಿಂತಲ್ಲೇ ಬಾರಿಸಿದಳು. ಆರೂ ತಂತಿ ಬೇರೆ ಬೇರೆಯಾಗಿ ಕೇಳಿಸಿದವು. ಗರಗಸದವರು ಗರಗಸ ನಿಲ್ಲಿಸಿದರು. ಆಗ ಯಜಮಾನ ಧಾವಿಸಿ ಬಂದ.

“ಒಬ್ಬಳಿಗೆ ಮಾಡಿದ್ರೆ ನಾಳೆ ಊರೆಲ್ಲ ಕೇಳುತ್ತೆ!”

“ಕೇಳಲಿ. ಬಾರಿಸೋರು ಅವರು ತಾನೆ?”

“ಏಳು ಮೇಲೆ.”

ಎದ್ದಳು. ಉಕ್ಕಿನ ಅಚ್ಚನ್ನು ಅವನ ಅಂಗೈಯಲ್ಲಿಟ್ಟಳು. “ಇದು ನಿಮ್ದು. ಅರ ಮಾತ್ರ ನಂದು.” ಅರಗಳನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಸಿಗಿಸಿಕೊಂಡು ಪಾಲಿಷ್ ಕೋಣೆಗೆ ನಡೆದಳು. ಇಸ್ತ್ರಿಯವಳು ಕಣ್ಣೀರು ತೆಗೆದಾಗ ಗದರಿದಳು: “ಅಳೋಕೆ ಮಾಡಿಕೊಟ್ಟಿದ್ದಲ್ಲ ಕಣೇ ಅದು. ಹೋಗಿ ಗೇಟಲ್ಲಿ ಬಾರಿಸು.”

ಪಾಲಿಷ್ ಘಾಟು ಕುಡಿದು ಎದೆ ಕಟ್ಟಿತು, ಬಗ್ಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಊಟದ ಬಿಡುವಿಗೆ ಪಾಲಿಷ್ ಕೋಣೆಯ ಹಿಂಬಾಗಿಲಲ್ಲಿ ಮೂವರು ಗಿಟಾರ್ ಹಿಡಿದು ನಿಂತಿದ್ದರು. ಒಬ್ಬನ ಕಿರುಬೆರಳು ಯಂತ್ರಕ್ಕೆ ಹೋಗಿತ್ತು, ಒಬ್ಬಳ ಕೈ ಮಕ್ಕಳ ಕೈಯಷ್ಟೇ. ಯಜಮಾನ ಹುಬ್ಬು ಗಂಟಿಕ್ಕಿ ಬಂದ.

“ಇಲ್ಲೂ ಶುರು ಹಚ್ಕೊಂಡ್ಯಾ?”

ಅರದಕ್ಕ ಅರ ಆಡಿಸುತ್ತಲೇ ಇದ್ದಳು.

“ಊಟದ ಹೊತ್ತು ನಂದು, ಯಜಮಾನ್ರೇ. ನೀವೂ ಅಳತೆಗೆ ಬಂದಿದ್ರೆ ಸಾಲಲ್ಲಿ ನಿಲ್ಲಿ. ಇಲ್ಲಾ, ದಾರಿ ಬಿಡಿ.”