ಅಮ್ಮನನ್ನು ಎಬ್ಬಿಸಿದ್ದು

ಮಾಲೂರಿನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ವೈಟ್‌ಫೀಲ್ಡ್‌ವರೆಗೆ ನಿಂತೇ ಹೋಗಬೇಕು. ಅಲ್ಲಿಂದ ಮೆಟ್ರೋ ಹಿಡಿದು ನಾನು ನರ್ಸ್ ಆಗಿರುವ ಆಸ್ಪತ್ರೆ ಸೇರುತ್ತೇನೆ. ಅಲ್ಲಿಯೂ ದಿನವಿಡೀ ನಿಂತಿರುವುದೇ. ಹಾಗಾಗಿ ಮೆಟ್ರೋ ಮುಗಿಯುವಲ್ಲಿಂದ ಮಾಲೂರಿನ ಕಡೆಗೆ ಬೇರೆ ಹಳಿ ಹಾಕಿ ಲೋಕಲ್ ರೈಲು ಬಿಡುತ್ತಾರಂತೆ ಎಂಬ ಸುದ್ದಿ ಬಂದಾಗ ನಮ್ಮ ಬೋಗಿಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ.

ಆಮೇಲೆ ರೈಲ್ವೆಯ ಅಳತೆಯವರು ನಮ್ಮ ಹಿಪ್ಪುನೇರಳೆ ತೋಟಕ್ಕೆ ಬಂದರು. ತೋಟದ ಮೂಲೆಯಲ್ಲಿ ಹಳದಿ ಬಳಿದ ಕಲ್ಲು ನೆಟ್ಟರು. ಅಲ್ಲೇ ಅಮ್ಮನನ್ನು ಹೂತಿದ್ದೆವು. ಸಮಾಧಿಗೆ ಕಟ್ಟೆ ಕಟ್ಟಿಸಿರಲಿಲ್ಲ. ಅಪ್ಪ ನೆಟ್ಟ ಕಣಗಿಲೆ ಗಿಡವೊಂದೇ ಗುರುತು.

ಅಂದು ಸಂಜೆ ಅಪ್ಪ ಊಟಕ್ಕೆ ಕೂತವನು ಮುದ್ದೆ ಮುರಿಯಲಿಲ್ಲ.

“ಜೆಸಿಬಿ ಬಂದು ಅಗೆಯೋದಕ್ಕೆ ಮುಂಚೆ ನಾವೇ ತೆಗೆದು ಬೇರೆ ಕಡೆ ಮಾಡಾಣ ಕಣಮ್ಮ.”

“ಇಷ್ಟು ಬೇಗ ಯಾಕಪ್ಪಾ? ಇನ್ನೂ ಕೆಲಸಾನೇ ಶುರುವಾಗಿಲ್ಲ.”

“ಆಗೋದು ಆಗ್ತದೆ. ನೀನೂ ಎಷ್ಟು ದಿನ ಅಂತ ರೈಲು ಬಾಗಿಲಲ್ಲಿ ನೇತಾಡ್ಕೊಂಡು ಹೋಗ್ತೀಯ? ಅವಳು ಇದ್ದಿದ್ರೆ ತಾನೇ ಎದ್ದು ದಾರಿ ಬಿಡ್ತಿದ್ಳು.”

ನಾನು ಮತ್ತೆ ಬೇಡವೆನ್ನಲಿಲ್ಲ.

ಸುದ್ದಿ ತಿಳಿದು ಮುಳಬಾಗಿಲಿನಿಂದ ಚಿಕ್ಕಮ್ಮ ಬಂದಳು, ಅಮ್ಮನ ಒಬ್ಬಳೇ ತಂಗಿ. ಚಪ್ಪಲಿ ಬಿಡುವ ಮೊದಲೇ ತನ್ನ ತೆಲುಗು ಬೆರೆತ ಮಾತಿನಲ್ಲಿ ಅಪ್ಪನನ್ನು ಹಿಡಿದುಕೊಂಡಳು.

“ಎಂದುಕು ಬಾವಾ? ಮಲಗಿರೋ ನಮ್ಮಕ್ಕನ್ನ ಯಾಕೆ ಎಬ್ಬಿಸ್ತೀರಾ?”

ಅಪ್ಪ ಗುದ್ದಲಿ ಹಿಡಿದ ಇಬ್ಬರು ಆಳುಗಳ ಜೊತೆ ತೋಟಕ್ಕೆ ನಡೆದ. ನಾವೂ ಹಿಂದೆ ಹೋದೆವು.

ಮಳೆ ಬಿದ್ದು ಮಣ್ಣು ಮೆತ್ತಗಿತ್ತು. ಎದೆಮಟ್ಟ ಅಗೆದ ಮೇಲೆ ಮೂಳೆಗಳು ಸಿಕ್ಕವು. ದಿನಾ ರೋಗಿಗಳ ಎಕ್ಸ್‌ರೇ ನೋಡುವ ನನಗೆ ಅವು ಯಾವ ಮೂಳೆಗಳೆಂದು ಗೊತ್ತಾಗುತ್ತಿತ್ತು. ಗೊತ್ತಾಗದಿದ್ದರೆ ಚೆನ್ನಾಗಿತ್ತು. ಅಪ್ಪ ಹೊಸ ಪಂಚೆ ಹಾಸಿ ಒಂದೊಂದನ್ನೂ ಎರಡೂ ಕೈಯಲ್ಲಿ ಇಳಿಸಿದ. ಹಸಿರು ಗಾಜಿನ ಬಳೆಯ ಚೂರುಗಳು ಬಂದಾಗ ಚಿಕ್ಕಮ್ಮ ಅಲ್ಲೇ ಕುಸಿದು ಕೂತಳು. ಮುತ್ತೈದೆಯಾಗಿ ಹೋದಳೆಂದು ಅವಳೇ ಅಕ್ಕನ ಕೈಗೆ ತೊಡಿಸಿದ ಬಳೆಗಳು ಅವು.

ತೋಟದ ಇನ್ನೊಂದು ತುದಿಯ ಹುಣಸೆಮರದ ಕೆಳಗೆ ಅಮ್ಮನನ್ನು ಮತ್ತೆ ಹೂತೆವು. ಚಿಕ್ಕಮ್ಮ ಮನೆಯೊಳಗೆ ಬರದೆ, ನೀರೂ ಕುಡಿಯದೆ ಹಾಗೇ ಬಸ್ಸಿಗೆ ಹೊರಟಳು.

ಎಷ್ಟೋ ತಿಂಗಳ ಮೇಲೆ ಅಳತೆಯವರು ಮತ್ತೆ ಬಂದು ಹಳದಿ ಕಲ್ಲನ್ನು ಕಿತ್ತರು.

“ಲೈನು ಕೆರೆ ಆಚೆ ಹೋಯ್ತು ತಾತ. ನಿಮ್ಮ ಜಮೀನು ಉಳೀತು,” ಎಂದ ಅವರಲ್ಲೊಬ್ಬ. ಒಳ್ಳೆಯ ಸುದ್ದಿಯೆಂದೇ ಅವನು ಹೇಳಿದ್ದು.

ಅಪ್ಪ ತಲೆಯಾಡಿಸಿ ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ನಾನು ಚಿಕ್ಕಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು ಫೋನ್ ಇಟ್ಟಳು.

ಆ ವರ್ಷದ ಪಿತೃಪಕ್ಷಕ್ಕೆ ಅವಳು ಬರಲಿಲ್ಲ. ಅಮ್ಮನ ಎಡೆ ಹಾಕಿದ ಬಾಳೆ ಎಲೆ ಹಿಡಿದು ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತೇ ಇದ್ದ.

“ಯಾವ ಕಡೆ ಇಡಾಣ ಕಣಮ್ಮಾ?”

ನಾನು ಹುಣಸೆಮರದ ಕಡೆ ಕೈ ತೋರಿಸಿದೆ. ಅಪ್ಪ ಹೋಗಿ ಇಟ್ಟ. ಪ್ರತಿ ವರ್ಷ ಕಾಗೆ ಬಂದು ಎಡೆ ಮುಟ್ಟುವವರೆಗೂ ಕಾಯುತ್ತಿದ್ದವನು, ಅಂದು ತಿರುಗಿ ನೋಡದೆ ವಾಪಸ್ಸು ಬಂದ.